ಮೊಸರಿನ ಬೊಟ್ಟು

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಡುವ ಬೆಳಗಿನ ಪ್ರೈವೇಟ್ ಬಸ್ಸಿನಲ್ಲಿ ಬಲಗಡೆ ಕಿಟಕಿಯ ಮೂರನೇ ಸೀಟು ನನ್ನದು. ಹಾಗಂತ ಎಲ್ಲೂ ಬರೆದಿಲ್ಲ. ಆದರೆ ಅಲ್ಲಿ ಬೇರೆ ಯಾರಾದರೂ ಕೂತರೆ ಕಂಡಕ್ಟರೇ ಎಬ್ಬಿಸುತ್ತಾನೆ. ತೊಡೆಯ ಮೇಲೆ ಬ್ಯಾಗು, ಬ್ಯಾಗಿನಲ್ಲಿ ಊಟದ ಡಬ್ಬಿ, ಅದರ ಪಕ್ಕದಲ್ಲಿ ಕುಂಕುಮದ ಭರಣಿಯಷ್ಟು ಚಿಕ್ಕದೊಂದು ಸ್ಟೀಲ್ ಡಬ್ಬಿ. ಅದರೊಳಗೆ ಅಮ್ಮ ಹೆಪ್ಪು ಹಾಕಿದ ಮೊಸರು, ಒಂದೇ ಚಮಚ. ಅದು ತಿನ್ನುವುದಕ್ಕಲ್ಲ. ಇಪ್ಪತ್ತೆಂಟು ವರ್ಷದಿಂದ ಆ ಒಂದು ಚಮಚ ಮೊಸರು ನನ್ನ ಜೊತೆ ಕೆಲಸಕ್ಕೆ ಬರುತ್ತಿದೆ. ಲ್ಯಾಬಿನಲ್ಲಿ ಬೆನ್ನ ಹಿಂದೆ ನನ್ನನ್ನು ‘ಮೊಸರು ಮೇಡಂ’ ಅನ್ನುತ್ತಾರೆ ಎಂಬುದು ನನಗೆ ಗೊತ್ತು. ಅನ್ನಲಿ. ಎದುರಿಗೆ ಅನ್ನುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ.

ನಾನು ಲ್ಯಾಬ್ ಟೆಕ್ನಿಷಿಯನ್. ಕೀವು, ಕಫ, ಮೂತ್ರ, ರಕ್ತ, ಬೆನ್ನುಮೂಳೆಯೊಳಗಿನ ನೀರು, ಹೀಗೆ ಜನ ಮೂಗು ಮುಚ್ಚಿಕೊಳ್ಳುವುದನ್ನೆಲ್ಲ ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಅದರಲ್ಲಿರುವ ಬ್ಯಾಕ್ಟೀರಿಯಾ ಎಂಥದು ಎಂದು ಹೇಳುವುದು ನನ್ನ ಕಸುಬು. ಮದುವೆಮನೆಯಲ್ಲಿ ನೆಂಟರು ಏನು ಕೆಲಸ ಎಂದು ಕೇಳಿದರೆ “ಗೋಡೆ ನೋಡೋ ಕೆಲಸ” ಅನ್ನುತ್ತೇನೆ. ಅವರು ಮುಂದೆ ಕೇಳುವುದಿಲ್ಲ. ಆದರೆ ನಾನು ಹೇಳಿದ್ದು ಸುಳ್ಳಲ್ಲ.

ಆ ಗೋಡೆಯ ವಿಷಯ ಸ್ವಲ್ಪ ಹೇಳಲೇಬೇಕು, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಬ್ಯಾಕ್ಟೀರಿಯಾ ಅಂದರೆ ನೀರು ತುಂಬಿದ ಒಂದು ಪುಟ್ಟ ಚೀಲ. ಒಳಗೆ ಒತ್ತಡ ವಿಪರೀತ, ಹೊರಗಿನ ನೀರೂ ಸದಾ ಒಳಗೆ ನುಗ್ಗಲು ನೋಡುತ್ತಿರುತ್ತದೆ. ಬರೀ ತೆಳು ಪೊರೆಯೊಂದೇ ಇದ್ದಿದ್ದರೆ ಅದು ಉಬ್ಬಿ ಒಡೆದೇ ಹೋಗುತ್ತಿತ್ತು. ಹಾಗಾಗದಂತೆ ಅದು ಪೊರೆಯ ಹೊರಗೆ ತನ್ನ ಸುತ್ತ ತಾನೇ ಒಂದು ಗೋಡೆ ಹೆಣೆದುಕೊಳ್ಳುತ್ತದೆ. ಸಕ್ಕರೆಯ ಅಣುಗಳನ್ನು ಪೋಣಿಸಿದ ಉದ್ದುದ್ದ ಎಳೆಗಳು, ಎಳೆಯಿಂದ ಎಳೆಗೆ ಅಮೈನೋ ಆಮ್ಲಗಳ ಗಿಡ್ಡ ಗಂಟು. ಇಡೀ ಜೀವಕ್ಕೆ ಒಂದೇ ಬಲೆ. ಗುಂಡಗಿರುವುದು ಗುಂಡಗೆ, ಕಡ್ಡಿಯಂತಿರುವುದು ಕಡ್ಡಿಯಂತೆ ಇರುವುದೂ ಆ ಬಲೆಯಿಂದಲೇ.

ಕೆಲವಕ್ಕೆ ಈ ಗೋಡೆ ದಪ್ಪ, ಕೌದಿಯ ಹಾಗೆ ಪದರದ ಮೇಲೆ ಪದರ. ಇನ್ನು ಕೆಲವಕ್ಕೆ ತೀರಾ ತೆಳು, ಅದರ ಹೊರಗೆ ಕೊಬ್ಬಿನ ಇನ್ನೊಂದು ಪೊರೆ. ನಾವು ಮೊದಲು ನೇರಳೆ ಬಣ್ಣ ಹಾಕುತ್ತೇವೆ. ಎರಡೂ ಜಾತಿ ನೇರಳೆಯಾಗುತ್ತವೆ. ಮೇಲೆ ಅಯೋಡಿನ್ ಹಾಕಿದಾಗ ಬಣ್ಣ ಒಳಗೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಬಣ್ಣ ತೆಗೆಯುವ ದ್ರಾವಣ, ಆಲ್ಕೋಹಾಲಿಗೆ ಅಸಿಟೋನ್ ಬೆರೆಸಿದ್ದು. ಅದು ಬಿದ್ದರೆ ಕೊಬ್ಬಿನ ಪೊರೆ ಕರಗಿ ತೆಳು ಗೋಡೆಯವುಗಳ ಬಣ್ಣ ತೊಳೆದುಹೋಗುತ್ತದೆ. ದಪ್ಪ ಗೋಡೆ ಮಾತ್ರ ಬಿಗಿದುಕೊಂಡು ಬಣ್ಣವನ್ನು ಒಳಗೇ ಹಿಡಿದಿಡುತ್ತದೆ. ಕೊನೆಗೆ ಕೆಂಪು ಹಾಕಿದರೆ ಬಣ್ಣ ಕಳೆದುಕೊಂಡವು ಕೆಂಪಾಗುತ್ತವೆ. ದಪ್ಪ ಗೋಡೆಯದು ನೇರಳೆ, ತೆಳು ಗೋಡೆಯದು ಕೆಂಪು. ಡಾಕ್ಟರು ಯಾವ ಇಂಜೆಕ್ಷನ್ ಕೊಡಬೇಕೆಂಬುದರ ಅರ್ಧ ತೀರ್ಮಾನ ಈ ಎರಡು ಬಣ್ಣದಲ್ಲೇ ಆಗಿಹೋಗುತ್ತದೆ.

ಆ ದ್ರಾವಣವನ್ನು ಎಷ್ಟು ಹೊತ್ತು ಬಿಡಬೇಕೆಂಬುದೇ ಈ ಕೆಲಸದ ಗುಟ್ಟು. ಹೊತ್ತು ಸಾಲದಿದ್ದರೆ ಕೆಂಪಾಗಬೇಕಾದದ್ದು ನೇರಳೆಯಾಗೇ ಉಳಿಯುತ್ತದೆ. ಜಾಸ್ತಿಯಾದರೆ ದಪ್ಪ ಗೋಡೆಯೂ ಸೋತು ಬಣ್ಣ ಬಿಟ್ಟುಕೊಡುತ್ತದೆ. ನನ್ನ ಲೆಕ್ಕ ಹತ್ತು. ಒಂದರಿಂದ ಹತ್ತರವರೆಗೆ ಎಣಿಸಿ ನಲ್ಲಿಯ ನೀರಿಗೆ ಹಿಡಿಯುತ್ತೇನೆ.

ಈ ಬಣ್ಣದ ಕಣ್ಣು ನನಗೆ ಬಂದದ್ದು ಅಪ್ಪನಿಂದ. ಅಪ್ಪ ಭದ್ರಾವತಿಯ ಒಂದು ಸಣ್ಣ ಫೌಂಡ್ರಿಯಲ್ಲಿ ಎರಕ ಹುಯ್ಯುತ್ತಿದ್ದ. ತಗಡಿನ ಶೆಡ್ಡು, ಒಂದು ಕುಲುಮೆ, ಹತ್ತು ಹನ್ನೆರಡು ಜನ, ಅಷ್ಟೇ. ಅದು ಮುಚ್ಚಿ ಎಷ್ಟೋ ವರ್ಷವಾಯಿತು. ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹುಯ್ದು ಪಂಪಿನ ಭಾಗಗಳು, ಪುಲ್ಲಿಗಳು ಮಾಡುತ್ತಿದ್ದರು. ಕಬ್ಬಿಣ ಕಾದದ್ದು ಸಾಕೋ ಇನ್ನೂ ಬೇಕೋ ಎಂದು ಅಪ್ಪ ಬರೀ ಬಣ್ಣ ನೋಡಿ ಹೇಳುತ್ತಿದ್ದ. ಆದರೂ ಅವನು ತನ್ನ ಕಣ್ಣನ್ನು ಪೂರ್ತಿ ನಂಬುತ್ತಿರಲಿಲ್ಲ. ದೊಡ್ಡ ಅಚ್ಚುಗಳಿಗೆ ಹುಯ್ಯುವ ಮುಂಚೆ, ಬೆಣೆಯಂಥ ಒಂದು ಪುಟ್ಟ ಅಚ್ಚಿಗೆ ಸ್ವಲ್ಪ ಕಬ್ಬಿಣ ಹುಯ್ದು, ತಣಿದ ಕೂಡಲೇ ಸುತ್ತಿಗೆಯಲ್ಲಿ ಒಡೆದು, ಮುರಿದ ಮುಖ ನೋಡುತ್ತಿದ್ದ. ಬೂದು ಬಣ್ಣವಿದ್ದರೆ ಸರಿ. ಬೆಳ್ಳಗೆ ಹೊಳೆದರೆ ಆ ಕಬ್ಬಿಣ ಕಲ್ಲಿಗಿಂತ ಗಟ್ಟಿ, ಆದರೆ ಗಾಜಿನಂತೆ ಸಿಡಿಯುತ್ತದೆ. ಆಗ ಸಿಲಿಕಾನ್ ಪುಡಿ ಹಾಕಿ ಸರಿಮಾಡಬೇಕು. ಆ ತುಂಡಿಗೆ ಅವರು ಟೆಸ್ಟ್ ಪೀಸ್ ಅನ್ನುತ್ತಿದ್ದರು. ಒಡೆದ ಚೂರುಗಳನ್ನು ಅಪ್ಪ ಜೇಬಿನಲ್ಲಿ ತರುತ್ತಿದ್ದ. ನಾನೂ ಪಕ್ಕದ ಮನೆಯ ತಮಿಳು ಹುಡುಗಿಯೂ ಅವನ್ನೇ ಬಿಲ್ಲೆ ಮಾಡಿಕೊಂಡು ಕುಂಟೆಬಿಲ್ಲೆ ಆಡುತ್ತಿದ್ದೆವು.

ಅಪ್ಪ ಮನೆಗೆ ತಂದ ಇನ್ನೊಂದು ವಸ್ತು ಒಂದು ಅರ್ಧ ಪುಲ್ಲಿ. ಮುರಿದದ್ದು. ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಅದನ್ನು ಅಡ್ಡ ಇಡುತ್ತೇವೆ, ಅಮ್ಮ ಅದರ ಮೇಲೆ ತೆಂಗಿನಕಾಯಿ ಒಡೆಯುತ್ತಾಳೆ. ಅದು ನಮ್ಮ ಮನೆಗೆ ಯಾಕೆ ಬಂತೆಂದು ನಾನು ಕೇಳಿರಲಿಲ್ಲ. ಗುಜರಿಗೆ ಹಾಕೋಣ ಎಂದರೆ ಮಾತ್ರ ಅಪ್ಪನಿಗೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ನನ್ನ ಕೆಲಸದ ವಿಚಾರಣೆಗೆ ಶುರು ಹಚ್ಚಿಕೊಂಡ. ನಾನು ದೊಡ್ಡ ವಿಜ್ಞಾನಿಯ ಹಾಗೆ ನೇರಳೆ, ಕೆಂಪು ಎಂದೆಲ್ಲ ವಿವರಿಸಿದೆ.

“ಬಣ್ಣ ಸರಿಯಾಗಿ ಬಂದಿದೆ ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?” ಎಂದ.

“ಎಣಿಸ್ತೀನಿ. ಹತ್ತು.”

“ಎಣಿಸಿದ್ರೆ ಆಯ್ತಾ ಮಾರಾಯ್ತಿ? ನಾನೂ ಎಣಿಸ್ತೀನಿ. ಎಣಿಸಿ ಆಮೇಲೆ ಒಡೆದೂ ನೋಡ್ತೀನಿ. ನಿನ್ ಟೆಸ್ಟ್ ಪೀಸ್ ಎಲ್ಲಿ?”

ನನಗೆ ರೇಗಿಹೋಯಿತು. ಎರಕದ ಕೆಲಸಕ್ಕೂ ನನ್ನ ಕೆಲಸಕ್ಕೂ ಎಲ್ಲಿಂದೆಲ್ಲಿಗೆ ಹೋಲಿಕೆ ಎಂದು ಮುಖ ಊದಿಸಿಕೊಂಡೆ. ಆದರೆ ಅವನು ಕೇಳಿದ್ದು ಸರಿಯಾಗಿಯೇ ಇತ್ತು. ದೊಡ್ಡ ದೊಡ್ಡ ಲ್ಯಾಬುಗಳಲ್ಲಿ ಗೊತ್ತಿರುವ ಬ್ಯಾಕ್ಟೀರಿಯಾವನ್ನು ಸಾಕಿಟ್ಟುಕೊಂಡು ಬಣ್ಣಗಳನ್ನು ಪರೀಕ್ಷಿಸುತ್ತಾರೆ. ನಮ್ಮ ಸಣ್ಣ ಲ್ಯಾಬಿನಲ್ಲಿ ಆಗ ಅದೆಲ್ಲ ಇರಲಿಲ್ಲ. ಅಮ್ಮ ಅನ್ನಕ್ಕೆ ಮೊಸರು ಬಡಿಸಿದಳು. ನಾನು ಕಲಸುತ್ತಾ ಕಲಸುತ್ತಾ ಕೈ ನಿಲ್ಲಿಸಿದೆ. ಕಾಲೇಜಿನಲ್ಲಿ ನಮಗೆ ಮೊಟ್ಟಮೊದಲು ಮಾಡಿಸಿದ್ದೇ ಮೊಸರಿನ ಸ್ಲೈಡು. ಮೊಸರು ಮಾಡುವ ಬ್ಯಾಕ್ಟೀರಿಯಾದ ಗೋಡೆ ದಪ್ಪ. ಬಣ್ಣ ಸರಿಯಿದ್ದರೆ ಅದು ಯಾವತ್ತೂ ನೇರಳೆ.

ಮರುದಿನದಿಂದ ಪ್ರತಿ ಸ್ಲೈಡಿನ ಒಂದು ತುದಿಗೆ ರೋಗಿಯ ಸ್ಯಾಂಪಲ್, ಇನ್ನೊಂದು ತುದಿಗೆ ಸೂಜಿಮೊನೆಯಷ್ಟು ಮೊಸರಿನ ಬೊಟ್ಟು. ಎರಡಕ್ಕೂ ಒಂದೇ ಬಣ್ಣ, ಒಂದೇ ಎಣಿಕೆ. ಮೊದಲು ಮೊಸರು ನೋಡುವುದು. ಅದು ನೇರಳೆಯಾಗಿದ್ದರೆ ಮಾತ್ರ ಇನ್ನೊಂದು ತುದಿಗೆ ಹೋಗುವುದು. ರಿಜಿಸ್ಟರಿನಲ್ಲಿ ಸ್ಕೇಲಿಟ್ಟು ಒಂದು ಕಾಲಂ ಎಳೆದು ‘ಮೊಸರು’ ಎಂದು ಬರೆದೆ. ನೋಡಿದ ಮೇಲೆ ಅಲ್ಲಿ ಟಿಕ್ ಹಾಕುವುದು. ಸಹಿ ಹಾಕುವ ಪೆಥಾಲಜಿ ಡಾಕ್ಟರು ಅದನ್ನು ನೋಡಿ ಮೊದಲು ನಕ್ಕರು. ಒಂದು ವಾರದ ಮೇಲೆ “ಇದನ್ನ ನಿಲ್ಲಿಸಬೇಡಿ” ಎಂದರು. ಅಮ್ಮ ಮಾತ್ರ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು: “ನನ್ ಮೊಸರಿಗೆ ಶಿವಮೊಗ್ಗದಲ್ಲಿ ಕೆಲಸ ಸಿಕ್ತು ಕಣ್ರೀ.”

ಅಪ್ಪ ಒಮ್ಮೆ ಅದನ್ನು ನೋಡಲೆಂದೇ ಲ್ಯಾಬಿಗೆ ಬಂದ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚಪ್ಪಲಿ ಹೊರಗೆ ಬಿಟ್ಟು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ತುಂಬಾ ಹೊತ್ತು ಉಸಿರೇ ಬಿಡಲಿಲ್ಲ.

“ಕಡ್ಡಿ ಕಡ್ಡಿ ಕಾಣ್ತಾವೆ. ಎಂಥ ಬಣ್ಣ! ಇವುಗಳ ಗೋಡೆ ಗಟ್ಟಿ ಅಂತೀಯಾ?”

“ಹೂಂ. ಅದಕ್ಕೇ ಬಣ್ಣ ಹೊರಗೆ ಹೋಗಿಲ್ಲ.”

“ಸರಿ ಬಿಡು. ಅಚ್ಚು ಗಟ್ಟಿ ಇದ್ರೆ ತಾನೇ ಕಬ್ಬಿಣ ಒಳಗೆ ನಿಲ್ಲೋದು.”

ಪೆನ್ಸಿಲಿನ್‌ನಂಥ ಔಷಧಿ ಏನು ಮಾಡುತ್ತದೆ ಎಂದೂ ಹೇಳಿದೆ. ಬ್ಯಾಕ್ಟೀರಿಯಾ ಬೆಳೆಯುವಾಗ ಗೋಡೆಯನ್ನು ಬಿಚ್ಚಿ ಬಿಚ್ಚಿ ಹೊಸ ಎಳೆ ಸೇರಿಸಿ ಗಂಟು ಹಾಕುತ್ತಿರಬೇಕು. ಔಷಧಿ ಆ ಗಂಟು ಹಾಕುವ ಕೈಯನ್ನೇ ಕಟ್ಟಿಹಾಕುತ್ತದೆ. ಗೋಡೆ ಅಲ್ಲಲ್ಲಿ ಸಡಿಲವಾಗಿ, ಒಳಗಿನ ಒತ್ತಡಕ್ಕೆ ಅದೇ ಒಡೆದುಹೋಗುತ್ತದೆ. ಅಪ್ಪ ಗಾಬರಿಯಾಗಿ, ಗೋಡೆ ಒಡೆಯುವ ಔಷಧಿ ನಮ್ಮನ್ನೂ ಒಡೆಯುವುದಿಲ್ಲವೇ ಎಂದು ಕೇಳಿದ. ನಮ್ಮ ಮೈಯ ಜೀವಕೋಶಗಳಿಗೆ ಇಂಥ ಗೋಡೆಯೇ ಇಲ್ಲ, ಇಲ್ಲದ್ದನ್ನು ಅದು ಹೇಗೆ ಒಡೆಯುತ್ತೆ ಎಂದೆ. ಅವನು ಅದನ್ನು ನೆನೆದು ನೆನೆದು ಭದ್ರಾವತಿ ಬರುವವರೆಗೂ ಬಸ್ಸಿನಲ್ಲಿ ನಗುತ್ತಿದ್ದ.

ಈಗ ಸ್ವಲ್ಪ ಜಂಬ ಕೊಚ್ಚಿಕೊಳ್ಳುತ್ತೇನೆ. ತುರ್ತಿನ ಸ್ಲೈಡುಗಳನ್ನು ನಮ್ಮಲ್ಲಿ ನಾನೇ ನೋಡಿ ಡಾಕ್ಟರಿಗೆ ಫೋನ್ ಮಾಡುತ್ತೇನೆ, ಸಹಿ ಆಮೇಲೆ ಬೀಳುತ್ತದೆ. ಹಾಗೆ ಹೇಳಿದ ಒಂದು ಮಾತನ್ನೂ ನಾನು ವಾಪಸ್ ತೆಗೆದುಕೊಂಡಿರಲಿಲ್ಲ. ನನ್ನ ಬಣ್ಣ ತಪ್ಪಿತೆಂದು ಯಾವ ಡಾಕ್ಟರೂ ಬೆರಳು ತೋರಿಸಿರಲಿಲ್ಲ. “ಮೇಡಂ ನೋಡಿದ್ರಾ?” ಎಂದು ಕೇಳುವರು, ಹೌದೆಂದರೆ ಔಷಧಿ ಬರೆಯುವರು. ಹೊಸದಾಗಿ ಸೇರಿದವರಿಗೆ ನಾನು ಮೊದಲ ದಿನವೇ ಇದನ್ನು ಹೇಳುತ್ತೇನೆ, ಅವರು ಕೇಳದಿದ್ದರೂ.

ಹೋದ ಬೇಸಿಗೆಯಲ್ಲಿ ಅಪ್ಪನಿಗೆ ಜ್ವರ ಬಂತು. ಎರಡು ದಿನ ತಲೆನೋವು ಎಂದು ಮಲಗಿದ್ದ. ಎಪ್ಪತ್ತು ದಾಟಿದ ಮೈ, ಜೊತೆಗೆ ಸಕ್ಕರೆ ಕಾಯಿಲೆ. ಮೂರನೇ ದಿನ ಬೆಳಗ್ಗೆ ಎದ್ದು ಕೂತು, ಅಮ್ಮನ ಮುಖ ನೋಡಿ, “ಕುಲುಮೆ ಹಚ್ಚಿದ್ರಾ? ಅಚ್ಚು ಒಣಗಿದೆಯಾ?” ಎಂದು ಕೇಳಿದ. ಅಮ್ಮ ತಮಾಷೆ ಎಂದುಕೊಂಡಳು. ಅವನು ಮತ್ತೆ ಅದನ್ನೇ ಕೇಳಿದ. ನಾನು ಅವನ ತಲೆ ಮುಂದಕ್ಕೆ ಬಗ್ಗಿಸಲು ನೋಡಿದೆ. ಕತ್ತು ಸೆಟೆದುಕೊಂಡಿತ್ತು. ನನಗೆ ಅಷ್ಟು ಸಾಕಾಯಿತು. ಪಕ್ಕದ ಮನೆಯವರ ಕಾರಿನಲ್ಲಿ ಹಾಕಿಕೊಂಡು ಶಿವಮೊಗ್ಗದ ನರ್ಸಿಂಗ್ ಹೋಮಿಗೆ ಬಂದೆವು.

ಅಲ್ಲಿಯ ಡಾಕ್ಟರು ನನಗೆ ಬಹಳ ವರ್ಷದಿಂದ ಗೊತ್ತು, ದಿನಾ ಫೋನಿನಲ್ಲಿ ಮಾತಾಡುವವರೇ. ಅಪ್ಪನ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ತಿಳಿಯಾಗಿರಬೇಕಾದ ನೀರು ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಗಿತ್ತು. ಮಿದುಳಿನ ಪೊರೆಗೆ ಸೋಂಕು. ಬಾಟಲಿಯನ್ನು ನನ್ನ ಕೈಗೇ ಕೊಟ್ಟರು.

“ಒಂದು ಇಂಜೆಕ್ಷನ್ ಶುರು ಮಾಡಿದೀನಿ ಮೇಡಂ. ಹೆಚ್ಚಿನವಕ್ಕೆಲ್ಲ ಅದು ಸಾಕು. ಆದ್ರೆ ವಯಸ್ಸಾದವರಿಗೆ ಬರೋ ಒಂದು ನೇರಳೆ ಕಡ್ಡಿ ಇದೆಯಲ್ಲ, ಅದಕ್ಕೆ ಇದು ನಾಟಲ್ಲ. ಅದಕ್ಕೆ ಪೆನ್ಸಿಲಿನ್ ಜಾತಿದೇ ಬೇಕು. ನಿಮ್ ತಂದೆಗೆ ಹಿಂದೆ ಅದರಿಂದ ಮೈಯೆಲ್ಲ ದದ್ದು ಎದ್ದಿತ್ತು ಅಂತೀರಿ. ಸುಮ್ಸುಮ್ನೆ ಹಾಕೋಕೆ ಧೈರ್ಯ ಇಲ್ಲ. ನೀವು ಬಣ್ಣ ಹೇಳಿ. ಕೆಂಪಾದ್ರೆ ಬೇಡ. ನೇರಳೆಯಾದ್ರೆ ದದ್ದು ಏಳಲಿ ಬಿಡಲಿ, ಎದುರಿಗೆ ನಿಂತು ಹಾಕ್ತೀನಿ.”

ಹಾಗೆ ಅಪ್ಪನ ಜೀವ ನನ್ನ ಬಾಯಿಂದ ಬರುವ ಒಂದು ಬಣ್ಣದ ಮೇಲೆ ನಿಂತಿತು. ಲ್ಯಾಬು ಎರಡು ಬೀದಿ ಆಚೆ. ಆಟೋ ಹತ್ತಲಿಲ್ಲ, ಕುಲುಕಿದರೆ ಚೆಲ್ಲೀತು ಎಂಬ ಹೆದರಿಕೆ. ಮುಚ್ಚಳ ಬಿಗಿಯಾಗಿಯೇ ಇತ್ತು. ಆದರೂ ಎರಡೂ ಕೈಯಲ್ಲಿ ಹಿಡಿದುಕೊಂಡು ನಡೆದೇ ಹೋದೆ.

ಪೆಥಾಲಜಿ ಡಾಕ್ಟರು ಇನ್ನೂ ಬಂದಿರಲಿಲ್ಲ. “ಮೇಡಂ, ನೀವು ಕೂತ್ಕೊಳ್ಳಿ, ನಾವು ಮಾಡ್ತೀವಿ” ಎಂದಳು ಜೊತೆಯವಳು. “ನನ್ನಪ್ಪನ ಸ್ಲೈಡ್ ನಾನೇ ಮಾಡ್ತೀನಿ, ಸರಿ ಆಚೆ” ಎಂದು ಗದರಿದೆ. ನೀರನ್ನು ಮೆಷಿನ್ನಿನಲ್ಲಿ ತಿರುಗಿಸಿ ತಳಕ್ಕೆ ಇಳಿದ ಗಷ್ಟು ತೆಗೆದುಕೊಂಡೆ. ಸ್ವಲ್ಪವನ್ನು ಬೆಳೆಸಲು ಪ್ಲೇಟಿಗೆ ಹಾಕಿದೆ, ಸ್ವಲ್ಪ ಸ್ಲೈಡಿಗೆ. ಇನ್ನೊಂದು ಹನಿ ಉಳಿಯಿತು. ಬಣ್ಣ ತೆಗೆಯುವ ದ್ರಾವಣ ಮುಗಿದಿತ್ತು, ಹೊಸ ಬಾಟಲಿಯ ಸೀಲು ಒಡೆದೆ. ಅದೇ ಅಂಗಡಿಯದು, ಅದೇ ಕಂದು ಬಾಟಲಿ. ಮೊಸರಿಗೆಂದು ಬ್ಯಾಗಿಗೆ ಕೈ ಹಾಕಿದೆ. ಡಬ್ಬಿ ಇರಲಿಲ್ಲ.

ಇರುವುದಾದರೂ ಹೇಗೆ? ಎರಡು ದಿನದಿಂದ ಅಮ್ಮ ಅಪ್ಪನ ಮಂಚ ಬಿಟ್ಟು ಎದ್ದಿರಲಿಲ್ಲ. ಹಾಲು ಕಾಯಿಸಿದವರಿಲ್ಲ, ಹೆಪ್ಪು ಹಾಕಿದವರಿಲ್ಲ. ಇವತ್ತೊಂದು ದಿನ ಇಲ್ಲದಿದ್ದರೆ ಏನಾಯಿತು, ಇಪ್ಪತ್ತೆಂಟು ವರ್ಷದ ಕೈ ಎಂದುಕೊಂಡೆ. ನೇರಳೆ ಹಾಕಿದೆ, ಅಯೋಡಿನ್ ಹಾಕಿದೆ, ದ್ರಾವಣ ಹಾಕಿ ಹತ್ತು ಎಣಿಸಿದೆ, ಕೆಂಪು ಹಾಕಿದೆ. ಕಣ್ಣಿಟ್ಟೆ. ಸಣ್ಣ ಸಣ್ಣ ಕಡ್ಡಿಗಳು, ಅಲ್ಲೊಂದು ಇಲ್ಲೊಂದು. ಕೆಂಪು.

ಫೋನ್ ಮಾಡಿದೆ. “ಕೆಂಪು ಕಡ್ಡಿ ಡಾಕ್ಟ್ರೇ.”

“ನೀವೇ ನೋಡಿದ್ರಲ್ಲ? ಮುಗೀತು ಬಿಡಿ. ಎರಡನೇದು ಬೇಡ, ಇದೇ ಮುಂದುವರಿಸ್ತೀನಿ.”

ಫೋನ್ ಇಟ್ಟು ಕೈ ತೊಳೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಹೆಮ್ಮೆಯೇ ಆಗಿತ್ತು. ಹೆತ್ತಪ್ಪನ ಸ್ಲೈಡನ್ನು ಕೈ ನಡುಗದೆ ಮಾಡಿದೆ ಎಂದು. ಆಮೇಲೆ ರಿಜಿಸ್ಟರ್ ಎಳೆದುಕೊಂಡು ಬರೆಯತೊಡಗಿದೆ. ಹೆಸರು, ವಯಸ್ಸು, ಸ್ಯಾಂಪಲ್. ಪೆನ್ನು ಮೊಸರಿನ ಕಾಲಮ್ಮಿಗೆ ಬಂದು ನಿಂತಿತು. ಮೇಲಿನಿಂದ ಕೆಳಗಿನವರೆಗೆ ನನ್ನದೇ ಟಿಕ್ಕುಗಳು, ಒಂದೂ ತಪ್ಪಿಲ್ಲ. ಇಲ್ಲಿ ಟಿಕ್ ಹಾಕಿದರೆ ಕೇಳುವವರು ಯಾರೂ ಇರಲಿಲ್ಲ. ಟಿಕ್ ಹಾಕುವುದಕ್ಕೆ ಕೈ ಬರಲಿಲ್ಲ, ಖಾಲಿ ಬಿಡುವುದಕ್ಕೂ ಮನಸ್ಸು ಬರಲಿಲ್ಲ. ನಿನ್ ಟೆಸ್ಟ್ ಪೀಸ್ ಎಲ್ಲಿ ಎಂದು ಅಪ್ಪ ಕಿವಿಯ ಹತ್ತಿರವೇ ಕೇಳಿದ ಹಾಗಾಯಿತು.

ಏಪ್ರನ್ನಿನಲ್ಲೇ ಎದ್ದು ರಸ್ತೆ ದಾಟಿ ಎದುರಿನ ಹೋಟೆಲಿಗೆ ಓಡಿದೆ. ಗಲ್ಲಾದ ಮೇಲಿದ್ದವನಿಗೆ ಒಂದು ಚಮಚ ಮೊಸರು ಕೊಡಿ ಎಂದೆ.

“ಊಟಕ್ಕೆ ಇನ್ನೂ ಹೊತ್ತಿದೆ ಅಕ್ಕ. ಇಡ್ಲಿ ಕೊಡ್ಲಾ?”

“ನಂಗೆ ಇಡ್ಲಿ ಬೇಡ ಮಾರಾಯ, ಮೊಸರು ಕೊಡು!” ಎಂದು ಕಿರುಚಿದೆ. ಕೂತು ತಿನ್ನುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನು ಲೋಟದ ತುಂಬ ಮೊಸರು ತಂದು ಕೈಗಿಟ್ಟ.

ಬೇರೆ ಸ್ಲೈಡಿನ ಮೇಲೆ ಆ ಮೊಸರನ್ನಷ್ಟೇ ಸವರಿ, ಎಲ್ಲ ಬಣ್ಣ ಹಾಕಿ, ಹತ್ತು ಎಣಿಸಿ, ನೋಡಿದೆ. ಮೊಸರು ಕೆಂಪಾಗಿತ್ತು.

ನನ್ನ ಜೀವಮಾನದಲ್ಲಿ ಮೊಸರು ಕೆಂಪಾದದ್ದನ್ನು ನಾನು ನೋಡಿರಲಿಲ್ಲ.

ಕನ್ನಡಕ ಹಾಕಿಕೊಂಡು ಹೊಸ ಬಾಟಲಿಯ ಚೀಟಿ ಓದಿದೆ. ಬರೀ ಅಸಿಟೋನ್. ಬೆರಕೆಯದು ಇರಲಿಲ್ಲವೆಂದು ಅಂಗಡಿಯವರು ಇದನ್ನು ಕಳಿಸಿದ್ದರು, ಚೀಟಿಯ ಮೇಲೆ ಸ್ಪಷ್ಟವಾಗಿ ಬರೆದೂ ಇತ್ತು. ಬರೀ ಅಸಿಟೋನಿಗೆ ಎರಡು ಎಣಿಸಿದರೆ ಹೆಚ್ಚು. ನಾನು ಹತ್ತು ಎಣಿಸಿದ್ದೆ. ಯಾವ ದಪ್ಪ ಗೋಡೆ ತಡೆದುಕೊಳ್ಳುತ್ತದೆ? ಅಂಗಡಿಯವರದು ತಪ್ಪಲ್ಲ, ಬಾಟಲಿಯದು ತಪ್ಪಲ್ಲ. ಓದದವಳು ನಾನು, ಬೊಟ್ಟು ಇಡದವಳು ನಾನು.

ಅಪ್ಪನ ಬ್ಯಾಕ್ಟೀರಿಯಾ ನಿಜವಾಗಿ ಯಾವ ಬಣ್ಣವೋ ನನಗಿನ್ನೂ ಗೊತ್ತಿರಲಿಲ್ಲ. ಕೆಂಪೇ ಇದ್ದರೂ ಇರಬಹುದು. ಇನ್ನೊಂದು ಸ್ಲೈಡ್ ಮಾಡಿ, ಕೆಂಪೇ ಬಂದರೆ ಯಾರಿಗೂ ಏನೂ ಹೇಳದೆ ಸುಮ್ಮನಿರಬಹುದಿತ್ತು. ಆ ಯೋಚನೆ ಬಂದದ್ದು ನಿಜ. ಆದರೆ ಅಲ್ಲಿ ಮಂಚದ ಮೇಲೆ ಅಪ್ಪ ಮಲಗಿದ್ದ, ಡಾಕ್ಟರು ನನ್ನ ಮಾತಿನ ಮೇಲೆ ಕೈ ಕಟ್ಟಿ ಕೂತಿದ್ದರು. ಎಲ್ಲರೂ ಇದ್ದ ಹಾಗೇ, ಅಲ್ಲೇ ನಿಂತು ಫೋನ್ ಮಾಡಿದೆ.

“ಡಾಕ್ಟ್ರೇ, ನಾನು ಹೇಳಿದ ಬಣ್ಣ ನಂಬಬೇಡಿ. ನಂದೇ ತಪ್ಪು. ವಾಪಸ್ ತಗೋತಾ ಇದೀನಿ. ಹತ್ತು ನಿಮಿಷ ಕೊಡಿ, ಇನ್ನೊಂದು ಸ್ಲೈಡ್ ಮಾಡ್ತೀನಿ.”

“ಆಯ್ತು, ಇಂಜೆಕ್ಷನ್ ಕೈಯಲ್ಲೇ ಇಟ್ಕೊಂಡಿರ್ತೀನಿ” ಎಂದರು. ಲ್ಯಾಬಿನಲ್ಲಿ ಯಾರೂ ಮುಖ ಎತ್ತಲಿಲ್ಲ. ನನ್ನ ಕಿವಿ ಬಿಸಿಯಾಗಿತ್ತು.

ಉಳಿದಿದ್ದದ್ದು ಒಂದೇ ಹನಿ. ಅದನ್ನು ಸ್ಲೈಡಿನ ಬಲತುದಿಗೆ ಸವರಿದೆ, ಎಡತುದಿಗೆ ಹೋಟೆಲಿನ ಮೊಸರು. ಬಣ್ಣ, ಅಯೋಡಿನ್, ಅಸಿಟೋನ್. ಒಂದು, ಎರಡು, ನೀರು. ಕೆಂಪು. ಒಣಗುವವರೆಗೆ ಕಾಯುವುದು ಬಹಳ ಕಷ್ಟವಾಯಿತು. ಮೊದಲು ಮೊಸರು ನೋಡಿದೆ. ನೇರಳೆ, ಎಂದಿನ ಹಾಗೆ. ಆಮೇಲೆ ಸ್ಲೈಡನ್ನು ನಿಧಾನವಾಗಿ ಬಲಕ್ಕೆ ಸರಿಸಿದೆ. ಅಪ್ಪನ ಕಡ್ಡಿಗಳೂ ನೇರಳೆ. ಪಕ್ಕದ ಮೊಸರಿನಷ್ಟೇ ಕಡು ನೇರಳೆ.

“ನೇರಳೆ ಕಡ್ಡಿ ಡಾಕ್ಟ್ರೇ. ಮೊಸರಿಟ್ಟು ನೋಡಿದೀನಿ.”

“ಹಾಕ್ತಾ ಇದೀನಿ” ಎಂದಷ್ಟೇ ಹೇಳಿ ಇಟ್ಟರು. ಆಗ ನಾನು ಸ್ಟೂಲಿನ ಮೇಲೆ ಕೂತು ಅತ್ತೆ. ಗದರಿಸಿಕೊಂಡವಳೇ ಬಂದು ನೀರು ಕೊಟ್ಟಳು.

ಮೂರನೇ ದಿನ ಪ್ಲೇಟಿನಲ್ಲಿ ಬೆಳೆದದ್ದೂ ಅದೇ ಜಾತಿ, ಡಾಕ್ಟರು ಹೆದರಿದ್ದ ಲಿಸ್ಟೀರಿಯ. ಅಪ್ಪನ ಮೈಮೇಲೆ ದದ್ದು ಎದ್ದಿತು, ಒಂದು ದಿನ ತುರಿಸಿಕೊಂಡ, ಇಳಿಯಿತು. ಐದನೇ ದಿನ ಅಮ್ಮನನ್ನು ಗುರುತು ಹಿಡಿದು, “ನೀನ್ಯಾಕೆ ಇಷ್ಟು ಬಡಕಲಾಗಿದೀಯೇ?” ಎಂದ. ಮೂರು ವಾರ ಇಂಜೆಕ್ಷನ್ ಆದ ಮೇಲೆ ಮನೆಗೆ ಬಂದೆವು. ನರ್ಸಿಂಗ್ ಹೋಮಿನವರಿಂದ ಹಿಡಿದು ಪಕ್ಕದ ಮನೆಯವರವರೆಗೆ ಎಲ್ಲರೂ ಮಗಳೇ ಅಪ್ಪನನ್ನು ಉಳಿಸಿದಳು ಎಂದು ಹೇಳುತ್ತಿದ್ದರು. ಕೇಳಿದಾಗಲೆಲ್ಲ ನಾನು ಮಾತು ಬದಲಿಸಿ ಒಳಗೆ ಎದ್ದುಹೋಗುತ್ತಿದ್ದೆ.

ಒಂದು ಭಾನುವಾರ ಬೆಳಗ್ಗೆ ಅಪ್ಪ ಹಿತ್ತಲ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಬಿಸಿಲು ಕಾಯಿಸುತ್ತಿದ್ದ. ನಾನು ಹೊಸ್ತಿಲ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಮೊಸರಿಲ್ಲದೆ ಮಾಡಿದ್ದು, ಕೆಂಪು ಎಂದದ್ದು, ಔಷಧಿ ತಪ್ಪಿಸಿದ್ದು. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಬಾಗಿಲಿಗೆ ಅಡ್ಡ ಇಟ್ಟಿದ್ದ ಅರ್ಧ ಪುಲ್ಲಿಯನ್ನು ಕಾಲಿನಿಂದ ಮುಟ್ಟಿದ.

“ಇದು ಯಾಕೆ ಇಲ್ಲಿದೆ ಗೊತ್ತಾ?”

“ಇಲ್ಲ.”

“ನೀನು ಹುಟ್ಟಿದ ದಿನ ನಾನು ಹುಯ್ದಿದ್ದು. ಆಸ್ಪತ್ರೆಯಿಂದ ಹೇಳಿಕಳಿಸಿದ್ರು. ಕಬ್ಬಿಣ ಕಾದಿತ್ತು, ಬಣ್ಣ ಚೆನ್ನಾಗೇ ಇತ್ತು. ಟೆಸ್ಟ್ ಪೀಸ್ ಒಡೆಯದೆ ಗಡಿಬಿಡೀಲಿ ಹುಯ್ದು ಓಡಿ ಬಂದೆ. ಅಷ್ಟೂ ಪುಲ್ಲಿ ಬಿಳಿ ಕಬ್ಬಿಣ ಆಗಿತ್ತು. ಕಡೆಯೋಕೆ ಲೇತಿಗೆ ಹಾಕಿದ್ರೆ ಟೂಲ್ ಮುರೀತಿತ್ತು. ಒಂದು ಕೈಜಾರಿ ಬಿದ್ದು ಹಿಂಗೆ ಎರಡು ಹೋಳಾಯ್ತು.”

ಎತ್ತಿಕೊಂಡು ಮುರಿದ ಮುಖ ನೋಡಿದೆ. ತುಕ್ಕು ಹಿಡಿದು ಏನೂ ಕಾಣುತ್ತಿರಲಿಲ್ಲ.

“ಮೇಲಿನವರು ಬೈದಿದ್ದು ಲೇತಿನವನಿಗೆ, ಟೂಲ್ ಮುರಿದೆ ಅಂತ. ನಾನು ಅಲ್ಲೇ ನಿಂತಿದ್ದೆ. ಎರಡು ದಿನ ಬಾಯಿ ಬಿಡಲಿಲ್ಲ. ಮೂರನೇ ದಿನ ಹೋಗಿ ಹೇಳ್ದೆ. ಆಮೇಲೆ ಅವನು ನನ್ ಹತ್ರ ಸರಿಯಾಗಿ ಮಾತಾಡ್ಲೇ ಇಲ್ಲ. ಅದಕ್ಕೇ ಇದನ್ನ ಕೇಳಿ ತಗೊಂಡು ಬಂದೆ.” ನನ್ನ ಮುಖ ನೋಡಿ ಕೇಳಿದ, “ನೀನು ತಪ್ಪಾಯ್ತು ಅಂತ ಎಷ್ಟು ಹೊತ್ತಿಗೆ ಫೋನ್ ಮಾಡಿದೆ?”

“ಇಪ್ಪತ್ತು ನಿಮಿಷ ಆಗಿರಬಹುದು.”

“ಬಣ್ಣ ಯಾವುದು ಅಂತ ಗೊತ್ತಾಗೋಕೆ ಮುಂಚೇನೇ?”

“ಹೂಂ.”

ಅಪ್ಪ ಅಡುಗೆಮನೆಯ ಕಡೆ ತಿರುಗಿ, ಫೌಂಡ್ರಿಯ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಆ ಗಂಟಲಿನಲ್ಲಿ, “ಕೇಳಿಸ್ತೇನೇ? ಇಪ್ಪತ್ತು ನಿಮಿಷ ಅಂತೆ!” ಎಂದ.

ರಿಜಿಸ್ಟರಿನ ಆ ದಿನದ ಸಾಲಿನಲ್ಲಿ ಮೊದಲ ಸ್ಲೈಡಿನ ಎದುರು ಮೊಸರಿನ ಕಾಲಮ್ಮಿನಲ್ಲಿ ಟಿಕ್ ಇಲ್ಲ, ನನ್ನ ಸಹಿ ಇದೆ. ಹೊಸಬರಿಗೆ ಈಗ ಮೊದಲು ತೋರಿಸುವುದು ಅದನ್ನೇ. ಅಪ್ಪ ಸಂಜೆ ಬೀದಿಯ ಕಟ್ಟೆಯ ಮೇಲೆ ಕೂತು ನನ್ನ ವಿಷಯ ಹೇಳುತ್ತಾನೆ. ಮಗಳು ನನ್ನ ಜೀವ ಉಳಿಸಿದಳು ಎಂದು ಅವನು ಒಮ್ಮೆಯೂ ಹೇಳಿದ್ದನ್ನು ನಾನು ಕೇಳಿಲ್ಲ. ಇಪ್ಪತ್ತು ನಿಮಿಷಕ್ಕೆ ಫೋನ್ ಮಾಡಿದಳು ಎನ್ನುತ್ತಾನೆ, ಕೇಳಿದವರಿಗೆ ಅರ್ಥವಾಗದಿದ್ದರೆ ಇನ್ನೊಂದು ಸಲ ಹೇಳುತ್ತಾನೆ.